ದೋಷದ ನೆಲೆ

(೧)

ಮನುಷ್ಯನು ಒಂದು ತಪ್ಪನ್ನು ಮಾಡಿದಾಗ ಅದನ್ನು ಕಾಣುವುದು ಸುಲಭ. ಅದು ಎಲ್ಲಿ ಹುಟ್ಟಿತೆಂಬುದನ್ನು ಕಾಣುವುದು ಕಷ್ಟ. ಲೋಕವು ತಪ್ಪನ್ನು ಕಂಡ ಸ್ಥಳದಲ್ಲಿಯೇ ಹಿಡಿದು ದಂಡಿಸುತ್ತದೆ. ಸುಳ್ಳಾಡಿದವನ ನಾಲಗೆಯನ್ನು ಹಳಿಯುತ್ತದೆ. ಕದ್ದವನ ಕೈಯನ್ನು ಹಳಿಯುತ್ತದೆ. ಸಿಟ್ಟಿಗೆದ್ದವನ ಕಣ್ಣನ್ನು ಹಳಿಯುತ್ತದೆ. ಹಳಿದ ಬಳಿಕವೂ ನಾಲಗೆ, ಕೈ, ಕಣ್ಣುಗಳು ತಮ್ಮ ಹಳೆಯ ದಾರಿಯನ್ನೇ ಹಿಡಿದರೆ, ಆ ಮನುಷ್ಯನು ತಿದ್ದಲಾಗದವನೆಂದು ತೀರ್ಮಾನಿಸಿ ಅವನನ್ನು ಕೈಬಿಡುತ್ತದೆ. ಹೀಗೆ ಕೈಬಿಡುವುದಕ್ಕೆ ಮೊದಲು ಕೇಳತಕ್ಕ ಪ್ರಶ್ನೆಯೊಂದುಂಟು: ದೋಷವು ಕಾಣಿಸಿಕೊಂಡ ಸ್ಥಳವೂ ದೋಷವು ನೆಲೆಸಿರುವ ಸ್ಥಳವೂ ಒಂದೆಯೇ? ಒಂದಲ್ಲವಾದರೆ, ತಿದ್ದುವವನು ಎಲ್ಲಿ ಕೈಯಿಡಬೇಕು?

ಹಿರಿಯ ಪ್ರಶ್ನೆಯನ್ನು ಕಿರಿಯ ದೃಷ್ಟಾಂತದಿಂದ ವಿಚಾರಿಸುವುದು ನಮ್ಮ ಹಿರಿಯರ ಪದ್ಧತಿ. ಮಡಕೆಯಿಂದ ಬ್ರಹ್ಮವನ್ನೂ ಹಗ್ಗದಿಂದ ಮಾಯೆಯನ್ನೂ ವಿಚಾರಿಸಿದ ದೇಶವಿದು. ಆದುದರಿಂದ ಗಾಲ್ಫ್ ಎಂಬ ಆಟದಲ್ಲಿ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವ ಸಣ್ಣ ಸಂಗತಿಯನ್ನು ಇಲ್ಲಿ ಎತ್ತಿಕೊಂಡರೆ ವಾಚಕರು ಅದನ್ನು ಹಗುರವೆಂದೆಣಿಸಬಾರದು. ಈ ಆಟವು ಕರ್ನಾಟಕಕ್ಕೆ ತೀರ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಲ್ಲಿ ಸ್ಥಾಪಿತವಾಯಿತು. ಆ ಊರಿನಲ್ಲಿಯೇ ೧೯೯೮ರಲ್ಲಿ ಹುಟ್ಟಿದ ಅದಿತಿ ಅಶೋಕ್ ಅವರು, ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ದೂರ ಹೊಡೆಯುವ ಬಲದಲ್ಲಿ ಅನೇಕರಿಗಿಂತ ಹಿಂದಿದ್ದರೂ ನಾಲ್ಕನೆಯ ಸ್ಥಾನಕ್ಕೆ ಬಂದರು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನಕ್ಕೆ ಈ ಆಟವು ನಿತ್ಯಪರಿಚಿತವಲ್ಲವೆಂಬುದು ನಿಜ. ಅವರಿಗೆ ಪರಿಚಿತವಾದ ಬೀಸು ಬೇರೆಯೊಂದಿದೆ. ಅದು ಕಲ್ಲುಗಣಿಯ ಸುತ್ತಿಗೆಯದು. ಎರಡು ಬೀಸುಗಳಲ್ಲಿಯೂ ಮೈ ಪಾಲಿಸುವ ನಿಯಮವು ಒಂದೇ ಆಗಿರುವುದರಿಂದ, ಒಂದನ್ನು ಬಲ್ಲವನಿಗೆ ಇನ್ನೊಂದು ತಿಳಿಯುವುದಕ್ಕೆ ತಡವಾಗುವುದಿಲ್ಲ.

(೨)

ಗಾಲ್ಫ್ ಚೆಂಡು ೪೬ ಗ್ರಾಂಗಿಂತ ಹೆಚ್ಚು ತೂಗದ ಸಣ್ಣ ವಸ್ತು. ಅದು ನೆಲದ ಮೇಲೆ ಅಲುಗಾಡದೆ ಕುಳಿತಿರುತ್ತದೆ. ಯಾರೂ ಅದನ್ನು ಆಟಗಾರನ ಕಡೆಗೆ ಎಸೆಯುವುದಿಲ್ಲ. ಹೊಡೆಯುವವನಿಗೆ ಬೇಕಾದಷ್ಟು ಹೊತ್ತು ಇರುತ್ತದೆ. ಆದರೂ ಅದನ್ನು ನೇರವಾಗಿ ಹೊಡೆಯುವುದು ಕಷ್ಟಕರವಾದ ವಿದ್ಯೆಗಳಲ್ಲಿ ಒಂದೆಂದು ಬಲ್ಲವರು ಹೇಳುತ್ತಾರೆ. ಇಲ್ಲಿ ಎದುರಾಳಿಯ ಮೋಸವಿಲ್ಲ, ಗಾಳಿಯ ಚಪಲತೆಯನ್ನು ಬಿಟ್ಟರೆ ಹೊರಗಿನ ಕಾರಣವೂ ಹೆಚ್ಚಿಲ್ಲ. ಆದುದರಿಂದ ತಪ್ಪು ನಡೆದರೆ ಅದು ಬಹುಮಟ್ಟಿಗೆ ಹೊಡೆದವನದೇ. ನೀತಿಯ ವಿಚಾರಕ್ಕೆ ಈ ಆಟವು ಒದಗುವುದು ಈ ಕಾರಣದಿಂದಲೇ.

ಬಲಗೈ ಆಟಗಾರನು ಚೆಂಡಿನ ಮುಂದೆ ನಿಂತಾಗ ಅವನ ಭಾರವು ಎರಡು ಕಾಲುಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿರುತ್ತದೆ. ಕೋಲನ್ನು ಹಿಂದಕ್ಕೆ ಎತ್ತುತ್ತ ಮೈ ತಿರುಗಿದಾಗ ಆ ಭಾರವು ಬಲಗಾಲಿನ ಒಳಮಗ್ಗುಲಿಗೆ ಸೇರಬೇಕು. ಕೋಲು ಮೇಲೆ ತುದಿಮುಟ್ಟುವುದಕ್ಕೆ ಮೊದಲೇ ಪಾದದ ಒತ್ತಡವು ಎಡಗಾಲಿನ ಕಡೆಗೆ ಹೊರಳತೊಡಗಬೇಕು. ಕೋಲು ಚೆಂಡನ್ನು ಮುಟ್ಟುವ ವೇಳೆಗೆ ಭಾರದ ಬಹುಪಾಲು ಎಡಗಾಲಿಗೆ ಬಂದಿರಬೇಕು. ಬೀಸು ಮುಗಿದಾಗ ಆಟಗಾರನು ಎಡಗಾಲಿನ ಮೇಲೆಯೇ ನೆಟ್ಟಗೆ ನಿಂತು, ಬಲಗಾಲಿನ ಬೆರಳ ತುದಿ ಮಾತ್ರ ನೆಲವನ್ನು ಸೋಕುತ್ತಿರಬೇಕು. ಶಕ್ತಿಯು ತೋಳಿನಲ್ಲಿ ಹುಟ್ಟುವುದಿಲ್ಲ. ಅದು ನೆಲದಿಂದ ಕಾಲಿಗೆ, ಕಾಲಿನಿಂದ ನಡುವಿಗೆ, ನಡುವಿನಿಂದ ಹೆಗಲಿಗೆ, ಹೆಗಲಿನಿಂದ ಕೈಗೆ ಏರಿ ಬರುತ್ತದೆ. ಕೈ ಈ ಮೆರವಣಿಗೆಯಲ್ಲಿ ಕಡೆಯದು.

ಇದರಲ್ಲಿ ನಡೆಯುವ ದೋಷಗಳು ಮುಖ್ಯವಾಗಿ ಮೂರು. ಮೊದಲನೆಯದು ತೂರಾಟ: ಹಿಂಬೀಸಿನಲ್ಲಿ ಮೈ ತಿರುಗುವುದಕ್ಕೆ ಬದಲಾಗಿ ಪಕ್ಕಕ್ಕೆ ಜಾರಿ, ಭಾರವು ಬಲಪಾದದ ಹೊರಮಗ್ಗುಲಿಗೆ ಹೋಗಿಬಿಡುತ್ತದೆ, ಅಷ್ಟು ದೂರ ಹೋದದ್ದು ಸಕಾಲಕ್ಕೆ ಹಿಂದಿರುಗುವುದಿಲ್ಲ. ಎರಡನೆಯದು ವಿಪರ್ಯಾಸ: ಕೋಲು ಮೇಲಿರುವಾಗ ಭಾರವು ಎಡಗಾಲಿನ ಮೇಲೆ ನಿಂತು, ಹೊಡೆಯುವಾಗ ಬಲಗಾಲಿಗೆ ಬೀಳುತ್ತದೆ. ಮೂರನೆಯದು ಹಿಂಜರಿಕೆ: ಭಾರವು ಬಲಗಾಲಿಗೆ ಸರಿಯಾಗಿಯೇ ಹೋಗಿ, ಅಲ್ಲಿಯೇ ಉಳಿದುಬಿಡುತ್ತದೆ.

ಇವುಗಳ ಫಲವು ಕಾಣಿಸುವುದು ಕಾಲಿನಲ್ಲಿ ಅಲ್ಲ. ಕೋಲು ಚೆಂಡಿಗಿಂತ ಮೊದಲು ಮಣ್ಣನ್ನು ಹೊಡೆಯುತ್ತದೆ. ಅಥವಾ ಚೆಂಡಿನ ನೆತ್ತಿಯನ್ನು ಸವರಿ ಹೋಗುತ್ತದೆ. ಅಥವಾ ಚೆಂಡು ಬಲಗಡೆಗೆ ಬಾಗಿ ಪೊದೆಯನ್ನು ಸೇರುತ್ತದೆ. ನೋಡುವವರು 'ಕೈ ತಪ್ಪಿತು' ಎನ್ನುತ್ತಾರೆ. ಹೊಡೆದವನೂ ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ. ಮರುಸಲ ಕೋಲನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ. ಬಿಗಿದ ಕೈಯಿಂದ ಮೈ ಇನ್ನೂ ಸೆಟೆಯುತ್ತದೆ. ಸೆಟೆದ ಮೈಯಲ್ಲಿ ಭಾರವು ಇನ್ನೂ ದಾಟದು. ತಿದ್ದುಪಡಿಯೇ ದೋಷವನ್ನು ಬೆಳೆಸಿತು.

(೩)

ಶಹಾಬಾದದ ಕಲ್ಲು ಪದರಪದರವಾಗಿ ಮಲಗಿರುವ ಸುಣ್ಣಕಲ್ಲು. ಭೀಮಾ ತೀರದ ಈ ಶಿಲಾಸ್ತರಗಳನ್ನು ಉಳಿ, ಬೆಣೆ, ಹಾರೆ, ಸುತ್ತಿಗೆಗಳಿಂದ ಬಿಡಿಸಿ ತೆಗೆದ ಫರಸಿಗಳ ಮೇಲೆ ದಕ್ಷಿಣದ ಎಷ್ಟೋ ಮನೆ, ಮಠ, ನಿಲ್ದಾಣಗಳ ಜನರು ನಡೆದಾಡುತ್ತಾರೆ. ಪದರಿನ ಸಂದಿಯನ್ನು ಅರಿತು ಹೊಡೆದರೆ ಹಾಸುಗಲ್ಲು ಹಾಳೆಯಂತೆ ಏಳುತ್ತದೆ. ಅರಿಯದೆ ಹೊಡೆದರೆ ಚೂರಾಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನು ದೊಡ್ಡ ಸುತ್ತಿಗೆಯನ್ನು ತೋಳಿನಿಂದಲೇ ಎತ್ತಿ ತೋಳಿನಿಂದಲೇ ಇಳಿಸುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅವನ ಹೆಗಲು ಸೋತಿರುತ್ತದೆ, ಬೆಣೆ ಇದ್ದಲ್ಲಿಯೇ ಇರುತ್ತದೆ. ನುರಿತವನು ಅದೇ ಸುತ್ತಿಗೆಯನ್ನು ಎತ್ತುವಾಗ ಹಿಂಗಾಲಿಗೆ ಒರಗುತ್ತಾನೆ, ಇಳಿಸುವಾಗ ಮುಂಗಾಲಿಗೆ ಬರುತ್ತಾನೆ. ಸುತ್ತಿಗೆಯ ತೂಕಕ್ಕೆ ತನ್ನ ಮೈಯ ತೂಕವನ್ನು ಕೂಡಿಸುತ್ತಾನೆ. ಹುಡುಗನ ತೋಳು ಅವನ ತೋಳಿಗಿಂತ ದಪ್ಪವಾಗಿರಬಹುದು. ಏಟು ಮಾತ್ರ ಅವನದೇ ಆಳವಾದದ್ದು. ಅವನು ಹುಡುಗನಿಗೆ 'ಗಟ್ಟಿಯಾಗಿ ಹೊಡಿ' ಎಂದು ಹೇಳಿದರೆ ಪ್ರಯೋಜನವಿಲ್ಲ. 'ಕಾಲು ಸರಿ ಇಡು' ಎಂದರೆ ಪ್ರಯೋಜನವುಂಟು.

ನಡತೆಯಲ್ಲಿಯೂ ಹೀಗೆಯೇ. ಶಾಲೆಯ ಹುಡುಗನೊಬ್ಬನು ಲೆಕ್ಕವನ್ನು ಮಾಡದೆ, ಮಾಡಿ ಮನೆಯಲ್ಲಿ ಮರೆತು ಬಂದೆನೆಂದು ಸುಳ್ಳು ಹೇಳುತ್ತಾನೆ. ತಪ್ಪು ನಾಲಗೆಯಲ್ಲಿ ಕಾಣಿಸಿತು. ಆದರೆ ಅವನ ಮನಸ್ಸಿನ ಭಾರವು ನಿಂತಿರುವುದು ಭಯದ ಮೇಲೆ. ಬೆತ್ತದ ಭಯದ ಮೇಲೆ, ನಗುವ ಜೊತೆಗಾರರ ಭಯದ ಮೇಲೆ. ಉಪಾಧ್ಯಾಯನು ಸುಳ್ಳಿಗಾಗಿ ಎರಡು ಏಟು ಹೆಚ್ಚು ಕೊಟ್ಟರೆ ಭಯವು ಎರಡು ಪಾಲು ಹೆಚ್ಚುತ್ತದೆ. ಮನಸ್ಸು ಯಾವ ಕಾಲನ್ನು ಬಿಡಬೇಕಾಗಿತ್ತೋ ಅದನ್ನೇ ಇನ್ನೂ ಬಲವಾಗಿ ಊರುತ್ತದೆ. ಮರುದಿನದ ಸುಳ್ಳು ಮೊದಲಿನದಕ್ಕಿಂತ ಜಾಣತನದ್ದಾಗಿರುತ್ತದೆ. ಇದು ಕೋಲನ್ನು ಬಿಗಿಹಿಡಿದ ಆಟಗಾರನ ಕಥೆಯೇ. ಕಂಡ ಸ್ಥಳದಲ್ಲಿ ತಿದ್ದಹೋಗಿ ಇರುವ ಸ್ಥಳದಲ್ಲಿ ಬೆಳೆಸಿದಂತಾಯಿತು.

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಶ್ರಯದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'ವು ಕನ್ನಡದಲ್ಲಿ ಉಪಲಬ್ಧವಾದ ಗ್ರಂಥಗಳಲ್ಲಿ ಮೊದಲನೆಯದು. ಅದರ ಮೊದಲನೆಯ ಪರಿಚ್ಛೇದವು ದೋಷಾದೋಷಗಳ ವಿವೇಚನೆಗೆ ಮೀಸಲಾಗಿದೆಯೆಂಬುದು ಗಮನಾರ್ಹ. ಅಲಂಕಾರಗಳ ಮಾತು ಬಳಿಕ. ದೋಷಗಳ ಮಾತು ಮೊದಲು. ಅಲ್ಲಿ ದೋಷವನ್ನು ಹೆಸರಿಸಿ ಸುಮ್ಮನಾಗದೆ, ತಪ್ಪಿದ ಪದ್ಯದ ಪಕ್ಕದಲ್ಲಿ ತಿದ್ದಿದ ರೂಪವನ್ನು ಇಟ್ಟು ತೋರಿಸುವ ಕ್ರಮವೂ ಉಂಟು. ಕವಿಯನ್ನು ಹಳಿಯುವುದು ಅದರ ಉದ್ದೇಶವಲ್ಲ. ಪದವು ಎಲ್ಲಿ ನಿಲ್ಲಬೇಕಾಗಿತ್ತೆಂದು ತೋರಿಸುವುದು ಅದರ ಉದ್ದೇಶ. ಕನ್ನಡ ಸಾಹಿತ್ಯವು ತನ್ನ ಮೊದಲ ಪಾಠವಾಗಿ ಕಲಿತದ್ದು ತಪ್ಪನ್ನು ಅದರ ಸ್ಥಾನದಲ್ಲಿ ತಿದ್ದುವ ಈ ವಿದ್ಯೆಯನ್ನು.

(೪)

ಇನ್ನು ದೋಷದ ಕಾರಣ. ಆಟಗಾರನು ಹಿಂಗಾಲಿನಲ್ಲಿ ಉಳಿದುಬಿಡುವುದೇಕೆ? ಬಹುಸಲ ಅದರ ಕಾರಣವು ಚೆಂಡನ್ನು ಮೇಲಕ್ಕೆ ಎತ್ತಬೇಕೆಂಬ ಆಶೆ. ಚೆಂಡು ಆಕಾಶಕ್ಕೆ ಏರಬೇಕು. ಆದುದರಿಂದ ತಾನು ಹಿಂದಕ್ಕೆ ಬಾಗಿ ಕೆಳಗಿನಿಂದ ಎತ್ತಿ ಹೊಡೆಯಬೇಕೆಂದು ಮೈ ತಾನಾಗಿ ತರ್ಕಿಸುತ್ತದೆ. ತರ್ಕವು ಸರಿಯಾಗಿ ತೋರುತ್ತದೆ, ಆದರೆ ತಪ್ಪು. ಚೆಂಡನ್ನು ಮೇಲೆತ್ತುವ ಕೆಲಸಕ್ಕೆ ಕೋಲಿನ ಮುಖವನ್ನು ಓರೆಯಾಗಿಯೇ ಮಾಡಿದ್ದಾರೆ. ಆಟಗಾರನು ಮುಂದಕ್ಕೆ ಬಂದು ಕೆಳಮುಖವಾಗಿ ಹೊಡೆದಾಗಲೇ ಆ ಓರೆಯು ತನ್ನ ಕೆಲಸವನ್ನು ಮಾಡಿ ಚೆಂಡನ್ನು ಏರಿಸುತ್ತದೆ. ಎತ್ತಲು ಹೋದವನ ಚೆಂಡು ನೆಲದಲ್ಲಿ ಹೊರಳುತ್ತದೆ. ಎತ್ತುವ ಆಶೆಯನ್ನು ಬಿಟ್ಟವನ ಚೆಂಡು ಏರುತ್ತದೆ.

ಫಲಾಪೇಕ್ಷೆಯನ್ನು ಬಿಟ್ಟು ಕರ್ಮವನ್ನು ಮಾಡಬೇಕೆಂಬ ಗೀತೆಯ ಬೋಧೆಯನ್ನು ಅನೇಕರು ವೈರಾಗ್ಯದ ಮಾತೆಂದು ತಿಳಿದು, ಸಂಸಾರಿಗೆ ಅದು ಸಲ್ಲದೆಂದು ದೂರವಿಡುತ್ತಾರೆ. ಇಲ್ಲಿ ನೋಡಿದರೆ ಅದು ಕೆಲಸಗಾರನ ಮಾತು. ಫಲದ ಮೇಲೆ ಕಣ್ಣಿಟ್ಟವನು ಸಾಧನವನ್ನು ಕೆಡಿಸುತ್ತಾನೆ. ಸಾಧನವು ಕೆಟ್ಟುದರಿಂದ ಫಲವೂ ಕೆಡುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ಎಂಬಾತನು ೧೯೩೨ರಲ್ಲಿ ಪ್ರಕಟಿಸಿದ 'ದಿ ಯೂಸ್ ಆಫ್ ದಿ ಸೆಲ್ಫ್' ಎಂಬ ಗ್ರಂಥದಲ್ಲಿ ಗಾಲ್ಫ್ ಆಟಗಾರನೊಬ್ಬನ ಉದಾಹರಣೆಯನ್ನು ಒಂದು ಅಧ್ಯಾಯದುದ್ದಕ್ಕೂ ಪರಿಶೀಲಿಸಿದ್ದಾನೆ. ಆ ಆಟಗಾರನು ಚೆಂಡಿನ ಮೇಲೆ ದೃಷ್ಟಿಯಿಡಬೇಕೆಂದು ಬಲ್ಲನು, ಇಡಬೇಕೆಂದು ನಿಶ್ಚಯಿಸಿಯೂ ಇರುವನು. ಆದರೂ ಹೊಡೆಯುವ ಕ್ಷಣದಲ್ಲಿ ದೃಷ್ಟಿಯನ್ನು ಎತ್ತಿಬಿಡುವನು. ಸಂಕಲ್ಪಬಲವು ಸಾಲದೆಂದು ಜನರು ಹೇಳುತ್ತಾರೆ. ಅಲೆಕ್ಸಾಂಡರನು ಅದನ್ನು ಒಪ್ಪುವುದಿಲ್ಲ. ಆ ಮನುಷ್ಯನು ಗುರಿಯ ಕಡೆಗೆ ನೇರವಾಗಿ ಧಾವಿಸುತ್ತಾನೆ. ಗುರಿಗೆ ಒಯ್ಯುವ ಮೆಟ್ಟಲುಗಳ ಮೇಲೆ ಅವನ ಮನಸ್ಸಿಲ್ಲ. ಧಾವಿಸಿದ ಕೂಡಲೆ ಹಳೆಯ ಅಭ್ಯಾಸವೆಲ್ಲ ಎದ್ದು ಮೈಯನ್ನು ಹಿಡಿದುಕೊಳ್ಳುತ್ತದೆ. ಸಂಕಲ್ಪವು ಹೆಚ್ಚಿದಷ್ಟೂ ಧಾವನೆ ಹೆಚ್ಚು, ತಪ್ಪೂ ಹೆಚ್ಚು.

ಹಿಂಜರಿಕೆಗೆ ಇನ್ನೊಂದು ಕಾರಣವೂ ಉಂಟು. ಅದು ಇನ್ನೂ ಒಳಗಿನದು. ಹಿಂಗಾಲು ಪರಿಚಿತವಾದ ಆಸರೆ. ಮುಂಗಾಲಿಗೆ ಪೂರ್ತಿ ಬರುವುದೆಂದರೆ ಒಂದು ಕ್ಷಣ ಆ ಆಸರೆಯನ್ನು ಬಿಡುವುದು. ಅರ್ಧ ಭಾರವನ್ನು ಕಾದಿಟ್ಟುಕೊಂಡು ಅರ್ಧವನ್ನು ಕೊಡುವೆನೆಂಬ ಜಾಣತನವು ಇಲ್ಲಿ ನಡೆಯುವುದಿಲ್ಲ. ಕುಡಿತವನ್ನು ಬಿಟ್ಟೆನೆಂದು ನಾಲ್ವರ ಮುಂದೆ ಹೇಳಿ ಅಟ್ಟದ ಮೇಲೆ ಒಂದು ಸೀಸೆಯನ್ನು ಉಳಿಸಿಕೊಂಡವನು, ಮಗಳಿಗೆ ಆಸ್ತಿಯನ್ನು ಕೊಟ್ಟೆನೆಂದು ಹೇಳಿ ಕಾಗದವನ್ನು ಮಾಡಿಸದವನು, ವೈರವನ್ನು ಮರೆತೆನೆಂದು ಹೇಳಿ ಮಾತುಮಾತಿಗೆ ಹಳೆಯದನ್ನು ಎತ್ತುವವನು, ಇವರೆಲ್ಲರೂ ಹಿಂಗಾಲಿನ ಮೇಲೆ ನಿಂತು ಹೊಡೆಯುವವರು. ಅವರ ಮಾತು ಸುಳ್ಳಲ್ಲ. ಭಾರವು ಮಾತಿನ ಹಿಂದೆ ಬಂದಿಲ್ಲ.

(೫)

ಇಷ್ಟೇ ಆಗಿದ್ದರೆ ತಿದ್ದುವುದು ಸುಲಭವಾಗುತ್ತಿತ್ತು. ದೋಷವು ಕಾಲಿನಲ್ಲಿದೆಯೆಂದು ತಿಳಿಸಿದರೆ ಸಾಕು, ಆಟಗಾರನು ತಿದ್ದಿಕೊಳ್ಳುವನೆಂದು ಎಣಿಸಬಹುದಾಗಿತ್ತು. ಆದರೆ ಇಲ್ಲೊಂದು ವಿಚಿತ್ರವಾದ ತೊಡಕು ಎದುರಾಗುತ್ತದೆ. ತಪ್ಪಾಗಿ ಭಾರವನ್ನು ಹೊರಳಿಸುವವನಿಗೆ ತಾನು ಸರಿಯಾಗಿ ಹೊರಳಿಸುತ್ತಿರುವೆನೆಂದೇ ಅನಿಸುತ್ತದೆ. ಶಿಕ್ಷಕನು ಅವನನ್ನು ಸರಿಯಾದ ಸ್ಥಿತಿಯಲ್ಲಿ ನಿಲ್ಲಿಸಿದರೆ, 'ಇದು ವಕ್ರವಾಗಿದೆ, ಬೀಳುತ್ತೇನೆ' ಎಂದು ಅವನು ದೂರುತ್ತಾನೆ. ಅಲೆಕ್ಸಾಂಡರನು ಇದನ್ನು ತನ್ನಲ್ಲಿಯೇ ಕಂಡನು. ಅವನು ಮೊದಲು ನಾಟಕದ ಮಾತುಗಳನ್ನು ಸಭೆಯಲ್ಲಿ ವಾಚಿಸುವ ಕಲಾವಿದನಾಗಿದ್ದನು. ವಾಚಿಸುವಾಗ ಕಂಠವು ಕಟ್ಟಿಹೋಗುತ್ತಿತ್ತು. ಕನ್ನಡಿಯ ಮುಂದೆ ನಿಂತು ನೋಡಿಕೊಂಡಾಗ, ಮಾತು ಆರಂಭಿಸುತ್ತಲೆ ತಲೆಯನ್ನು ಹಿಂದಕ್ಕೆ ಸೆಳೆಯುವುದು ಕಂಡಿತು. ತಲೆಯನ್ನು ಮುಂದಕ್ಕೆ ಇಟ್ಟೆನೆಂದು ಅವನಿಗೆ ಖಚಿತವಾಗಿ ಅನಿಸಿದಾಗಲೂ ಕನ್ನಡಿಯಲ್ಲಿ ಅದು ಹಿಂದಕ್ಕೇ ಹೋಗಿತ್ತು. ಯಾವ ಒಳ ಅರಿವನ್ನು ನಂಬಿ ತಿದ್ದಿಕೊಳ್ಳಹೊರಟನೋ ಆ ಅರಿವೇ ದೋಷದ ಜೊತೆಯಲ್ಲಿ ಬೆಳೆದು ದೋಷದ ಪಕ್ಷವನ್ನು ವಹಿಸಿತ್ತು.

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿಯು ೧೯೨೨ರಲ್ಲಿ ಮನುಷ್ಯಸ್ವಭಾವ ಮತ್ತು ನಡತೆಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ ಮಾತನ್ನು ನೀತಿಗೆ ಅನ್ವಯಿಸಿದ್ದಾನೆ. ಬಾಗಿ ನಿಲ್ಲುವ ರೂಢಿಯವನಿಗೆ ನೆಟ್ಟಗೆ ನಿಲ್ಲೆಂದು ಹೇಳಿದರೆ ಅವನು ಸ್ವಲ್ಪ ಹೊತ್ತು ಬೇರೆ ರೀತಿಯಲ್ಲಿ ನಿಲ್ಲುವನು. ಅದೂ ಇನ್ನೊಂದು ಬಗೆಯ ತಪ್ಪು ನಿಲುವೇ ಆಗಿರುವುದು. ನೆಟ್ಟಗಿರುವುದೆಂದರೇನೆಂದು ತಿಳಿಸುವ ಅನುಭವವೇ ಅವನಲ್ಲಿಲ್ಲ.

ಅಂತಃಸಾಕ್ಷಿಯನ್ನು ಕುರಿತು ಹೇಳುವ ಮಾತುಗಳಿಗೆ ಇದು ದೊಡ್ಡ ಪೆಟ್ಟು. 'ನನ್ನ ಮನಸ್ಸಿಗೆ ಸರಿಯೆಂದು ತೋರಿತು, ಮಾಡಿದೆ' ಎನ್ನುವವನು ಅಲ್ಲಿಗೆ ವಿಚಾರವು ಮುಗಿಯಿತೆಂದು ತಿಳಿಯುತ್ತಾನೆ. ಆದರೆ ಸರಿಯೆಂದು ತೋರುವುದು ಬಹುಸಲ ರೂಢಿಯಾದದ್ದು ಮಾತ್ರ. ತನ್ನ ಹೊಲದ ಆಳಿಗೆ ಬಟ್ಟಲನ್ನು ಬೇರೆಯಾಗಿ ಇಟ್ಟವನಿಗೆ ತಲೆಮಾರುಗಳ ಕಾಲ ಅದು ಸರಿಯೆಂದೇ ತೋರಿತು. ಅವನನ್ನು ಜೊತೆಯಲ್ಲಿ ಕುಳ್ಳಿರಿಸಿದ ದಿನ ಮೈಯೆಲ್ಲ ಮುದುಡಿತು. ಆ ಮುದುಡುವಿಕೆಯನ್ನು ಧರ್ಮದ ಎಚ್ಚರಿಕೆಯೆಂದು ತಿಳಿದವರೂ ಇದ್ದರು. ಅದು ಹೊಸ ಕಾಲಿನ ಮೇಲೆ ಭಾರವನ್ನು ಊರುವಾಗ ಆಗುವ ಅಸ್ಥಿರತೆಯಷ್ಟೇ.

ಹಾಗಾದರೆ ಅಂತಃಸಾಕ್ಷಿಯನ್ನು ತೊರೆಯಬೇಕೇ? ತೊರೆದರೆ ಮನುಷ್ಯನಿಗೆ ಉಳಿಯುವುದೇನು? ಇದಕ್ಕೆ ಉತ್ತರವನ್ನು ಆಟವೇ ಹೇಳುತ್ತದೆ. ಒಳ ಅರಿವನ್ನು ತೊರೆಯುವುದಲ್ಲ. ಅದನ್ನು ಹೊರಗಿನ ಸಾಕ್ಷಿಯೊಡನೆ ಸರಿಹೋಲಿಸುತ್ತ ಮರಳಿ ಶಿಕ್ಷಿತವನ್ನಾಗಿ ಮಾಡುವುದು. ಇಂದಿನ ಶಿಕ್ಷಕರು ಆಟಗಾರನನ್ನು ಪಾದದ ಒತ್ತಡವನ್ನು ಅಳೆಯುವ ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಅವನ ಬೀಸಿನ ಚಿತ್ರವನ್ನು ತೆಗೆದು ತೋರಿಸುತ್ತಾರೆ. ಅನಿಸಿದ್ದು ಒಂದು, ಕಂಡದ್ದು ಒಂದು; ಎರಡನ್ನೂ ಎದುರೆದುರು ಇಟ್ಟಾಗ ಅನಿಸುವಿಕೆಯು ನಿಧಾನವಾಗಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ನಡತೆಯಲ್ಲಿ ಈ ಹಲಗೆಯ ಕೆಲಸವನ್ನು ಮಾಡುವವರು ಮಿತ್ರರು, ಹೆಂಡತಿ ಮಕ್ಕಳು, ತನ್ನ ಕೈಕೆಳಗೆ ದುಡಿಯುವವರು. ಮನುಷ್ಯನ ಭಾರವು ಯಾರ ಮೇಲೆ ಬೀಳುವುದೋ ಅವರಿಗೆ ಅದು ಎಲ್ಲಿ ಬೀಳುತ್ತದೆಂದು ಅವನಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಅವರು ಹೇಳುವಂತೆ ಬಿಡುವವನೇ ಕನ್ನಡಿಯ ಮುಂದೆ ನಿಂತವನು.

(೬)

ಶಹಾಬಾದದ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಈ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು ದಾಯವಿಭಾಗದ ವಿಷಯದಲ್ಲಿ ಶತಮಾನಗಳ ಕಾಲ ನ್ಯಾಯಾಲಯಗಳಿಗೆ ಪ್ರಮಾಣವಾಗಿದ್ದಿತು. ಆಚಾರ, ವ್ಯವಹಾರಗಳನ್ನು ಮುಗಿಸಿ ಆ ಗ್ರಂಥವು ಮೂರನೆಯ ಭಾಗದಲ್ಲಿ ಪ್ರಾಯಶ್ಚಿತ್ತವನ್ನು ವಿಚಾರಿಸುತ್ತದೆ. ಅಲ್ಲಿ ಪಾಪಕ್ಕೆ ಎರಡು ಶಕ್ತಿಗಳನ್ನು ಹೇಳಿದೆ: ನರಕವನ್ನು ಉಂಟುಮಾಡುವ ಶಕ್ತಿಯೊಂದು; ಜನರೊಡನೆ ವ್ಯವಹರಿಸದಂತೆ ತಡೆಯುವ ಶಕ್ತಿಯೊಂದು. ತಿಳಿಯದೆ ಮಾಡಿದ್ದಕ್ಕೂ ಬೇಕೆಂದು ಮಾಡಿದ್ದಕ್ಕೂ ಭೇದವನ್ನು ಮಾಡಿ, ಪ್ರಾಯಶ್ಚಿತ್ತವು ಯಾವುದನ್ನು ಎಷ್ಟರಮಟ್ಟಿಗೆ ಕಳೆಯುವುದೆಂದು ಸೂಕ್ಷ್ಮವಾಗಿ ನಿರ್ಣಯಿಸಿದೆ. ಪರಲೋಕದ ಲೆಕ್ಕವೂ ಊರಿನ ಲೆಕ್ಕವೂ ಬೇರೆಬೇರೆಯೆಂದು ಕಂಡ ಈ ದೃಷ್ಟಿಯು ಬಹಳ ಸೂಕ್ಷ್ಮವಾದದ್ದು.

ಆದರೆ ಗಾಲ್ಫ್ ಆಟಗಾರನ ದೋಷವು ಇನ್ನೊಂದು ಶಕ್ತಿಯನ್ನು ತೋರಿಸಿಕೊಡುತ್ತದೆ. ಅದು ತನ್ನನ್ನು ತಾನೇ ಮತ್ತೆ ಹುಟ್ಟಿಸಿಕೊಳ್ಳುವ ಶಕ್ತಿ. ಒಂದು ಸಲ ಮಾಡಿದ ತಪ್ಪು ಎರಡನೆಯ ಸಲಕ್ಕೆ ದಾರಿಯನ್ನು ಸವೆಯಿಸುತ್ತದೆ. ನೂರನೆಯ ಸಲಕ್ಕೆ ಅದು ರಾಜಮಾರ್ಗವಾಗಿರುತ್ತದೆ. ಪಶ್ಚಾತ್ತಾಪವು ಹಿಂದಿನದಕ್ಕೆ ಸಲ್ಲುವ ಋಣ, ಅದನ್ನು ಸಲ್ಲಿಸಲೇಬೇಕು. ನೊಂದವನಿಗೆ ಕ್ಷಮೆಯನ್ನು ಕೇಳದೆ ತನ್ನನ್ನು ತಿದ್ದಿಕೊಳ್ಳುತ್ತಿರುವೆನೆಂದು ಹೇಳುವುದು ಉದ್ಧಟತನ. ಆದರೆ ಪಶ್ಚಾತ್ತಾಪವು ಪಾದಕ್ಕೆ ಏನನ್ನೂ ಕಲಿಸುವುದಿಲ್ಲ. ಎಷ್ಟೋ ಜನರು ಅತ್ತು ಹಗುರಾಗಿ, ಹಗುರಾದುದನ್ನೇ ತಿದ್ದುಪಡಿಯೆಂದು ತಿಳಿದು, ಮರುದಿನ ಅದೇ ಕಾಲಿನ ಮೇಲೆ ನಿಲ್ಲುತ್ತಾರೆ.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಗುಡಿಯೊಂದರಲ್ಲಿ ವಿಗ್ರಹದ ಪೀಠವಾಗಿದ್ದ ಶಿಲೆಯ ಮೇಲೆ ಅಶೋಕನ ಶಾಸನಗಳಿರುವುದು ೧೯೮೦ರ ದಶಕದಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ಮೊದಲು ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಪ್ರತ್ಯೇಕ ಶಾಸನಗಳ ಪಾಠವು ಭೀಮೆಯ ದಡದಲ್ಲಿಯೂ ದೊರೆತುದು ವಿದ್ವಾಂಸರಿಗೆ ಅಚ್ಚರಿಯನ್ನುಂಟುಮಾಡಿತು. ನ್ಯಾಯವನ್ನು ನಿರ್ಣಯಿಸುವ ಅಧಿಕಾರಿಗಳಿಗೆ ಹೇಳಿದ ಬುದ್ಧಿವಾದವದು. ಧೌಲಿಯ ಪಾಠದಲ್ಲಿ ಅವರ ಕೆಲಸವನ್ನು ಕೆಡಿಸುವ ದೋಷಗಳನ್ನು ಎಣಿಸಿದೆ: ಅಸೂಯೆ, ಮುಂಗೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ಬಳಲಿಕೆ. ಕ್ರೌರ್ಯದ ಪಕ್ಕದಲ್ಲಿಯೇ ಆತುರವನ್ನೂ ಅಭ್ಯಾಸದ ಕೊರತೆಯನ್ನೂ ಇಟ್ಟ ಈ ಪಟ್ಟಿಯು ಎರಡು ಸಾವಿರ ವರ್ಷಗಳ ಬಳಿಕವೂ ಹಳತಾಗಿಲ್ಲ. ಇವೆಲ್ಲವನ್ನು ಗೆಲ್ಲುವುದಕ್ಕೆ ಮೂಲವು ಕೋಪಿಸದಿರುವುದು, ಆತುರಪಡದಿರುವುದು ಎಂದೂ ಅಲ್ಲಿಯೇ ಹೇಳಿದೆ. ದುಷ್ಟತನದಿಂದ ನಡೆಯುವಷ್ಟೇ ಅನ್ಯಾಯವು ರೂಢಿಯಿಲ್ಲದ ಕೈಯಿಂದಲೂ ದಣಿದ ಮನಸ್ಸಿನಿಂದಲೂ ನಡೆಯುತ್ತದೆಂಬುದನ್ನು ಬಲ್ಲ ಅರಸನ ಮಾತದು.

(೭)

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದೋಷವು ಕೈಯದಲ್ಲ, ಕಾಲಿನದು. ಕಾಲಿನದೂ ಅಲ್ಲ, ರೂಢಿಯದು. ರೂಢಿಯೂ ಅವನು ಬೇಡಿ ಪಡೆದದ್ದಲ್ಲ. ಹೀಗೆ ಹಿಂದೆ ಹಿಂದೆ ಹೋದರೆ ತಪ್ಪಿತಸ್ಥನೇ ಇಲ್ಲದಂತಾಗಿ, ನೀತಿಯೆಂಬ ಮಾತೇ ಬರಿದಾಗುವುದಿಲ್ಲವೇ?

ಆಕ್ಷೇಪಣೆಯು ಬಲವಾದದ್ದು. ಇದರಲ್ಲಿ ಅರ್ಧವನ್ನು ಒಪ್ಪಲೇಬೇಕು. ಕಲ್ಲುಗಣಿಯಲ್ಲಿ ಒಡೆದ ಚಕ್ಕೆಗಳು ಕಾಲಕೆಳಗೆ ಹರಡಿರುತ್ತವೆ. ಜಾರುವ ಚಕ್ಕೆಗಳ ಮೇಲೆ ನಿಂತವನು ಮುಂಗಾಲಿಗೆ ಭಾರವನ್ನು ಒಪ್ಪಿಸಲಾರನು, ಒಪ್ಪಿಸಿದರೆ ಬೀಳುವನು. ಅವನು ತೋಳಿನಿಂದಲೇ ಹೊಡೆಯುವುದು ಅವಿವೇಕವಲ್ಲ, ಆತ್ಮರಕ್ಷಣೆ. ಅಂಥ ನೆಲದ ಮೇಲೆ ನಿಲ್ಲಿಸಿ ನೇರವಾದ ಏಟನ್ನು ಕೇಳುವ ಒಡೆಯನು ಮೊದಲು ನೆಲವನ್ನು ಗುಡಿಸಬೇಕು. ಸಾಲದಲ್ಲಿ ಮುಳುಗಿದವನು ಮಾತಿಗೆ ತಪ್ಪಿದಾಗ, ಹಸಿದ ಹುಡುಗನು ತೊಗರಿಯ ಹೊಲಕ್ಕೆ ನುಗ್ಗಿದಾಗ, ಊರು ಕೈಯನ್ನೂ ನಾಲಗೆಯನ್ನೂ ನೋಡುವುದಕ್ಕಿಂತ ಮೊದಲು ನೆಲವನ್ನು ನೋಡುವುದು ನ್ಯಾಯ. ನೆಲವನ್ನು ಹಾಗೆ ಇಟ್ಟವರೂ ಆ ತಪ್ಪಿನಲ್ಲಿ ಪಾಲುಗಾರರು.

ಇನ್ನರ್ಧವನ್ನು ಒಪ್ಪುವಂತಿಲ್ಲ. ನಿಂದೆ ಯಾರಿಗೆಂಬ ಪ್ರಶ್ನೆಯೊಂದು. ಆರಂಭಿಸತಕ್ಕವರು ಯಾರೆಂಬ ಪ್ರಶ್ನೆ ಇನ್ನೊಂದು. ಎರಡನ್ನೂ ಒಂದೆಂದು ತಿಳಿದುದರಿಂದಲೇ ಗೊಂದಲ ಹುಟ್ಟಿತು. ತಪ್ಪಾಗಿ ಭಾರವನ್ನು ಹೊರಳಿಸುವ ಆಟಗಾರನು ಪಾಪಿಯಲ್ಲ. ಅವನನ್ನು ನಿಂದಿಸುವುದಕ್ಕೆ ಏನೂ ಇಲ್ಲ. ಆದರೆ ಅವನ ಭಾರವನ್ನು ಅವನಿಗೆ ಬದಲಾಗಿ ಬೇರೆ ಯಾರೂ ಹೊರಳಿಸಲಾರರು. ಗುರುವು ಕೋಲನ್ನು ಹಿಡಿದು ತೋರಿಸಬಹುದು, ಒಡೆಯನು ನೆಲವನ್ನು ಹಸನುಮಾಡಬಹುದು. ಹೆಜ್ಜೆಯನ್ನು ಮಾತ್ರ ಅವನೇ ಇಡಬೇಕು. ಆದುದರಿಂದ ಹೊಣೆಯೆಂಬುದು ನಿಂದೆಯ ಇನ್ನೊಂದು ಹೆಸರಲ್ಲ. ನಿಂದೆಯು ತೀರ ಇಲ್ಲದ ಕಡೆಯಲ್ಲಿಯೂ ಹೊಣೆಯು ಪೂರ್ತಿಯಾಗಿ ಇರಬಹುದು. ಇದನ್ನು ಅರಿತ ತಂದೆತಾಯಿಗಳು ಮಕ್ಕಳನ್ನು ಹಳಿಯದೆ ತಿದ್ದುತ್ತಾರೆ. ಅರಿಯದವರಲ್ಲಿ ಕೆಲವರು ಹಳಿಯುತ್ತಾರೆ, ಕೆಲವರು ತಿದ್ದುವುದನ್ನೇ ಬಿಟ್ಟುಬಿಡುತ್ತಾರೆ.

(೮)

ಕೊನೆಯದಾಗಿ ತಿದ್ದುಪಡಿಯ ಕ್ರಮ. ಕೋಲು ಮೇಲಿನಿಂದ ಚೆಂಡಿಗೆ ಇಳಿಯುವುದಕ್ಕೆ ಹಿಡಿಯುವ ಕಾಲವು ಸುಮಾರು ಕಾಲು ಸೆಕೆಂಡು. ಕೋಲೂ ಚೆಂಡೂ ಒಂದನ್ನೊಂದು ಮುಟ್ಟಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಆ ಹೊತ್ತಿನಲ್ಲಿ ವಿಚಾರಿಸಿ ತಿದ್ದಿಕೊಳ್ಳುವುದು ಯಾರಿಂದಲೂ ಆಗದು. ವಾಡಿಯ ಜಂಕ್ಷನ್ನಿನಲ್ಲಿ ಮುಂಬಯಿಯ ಕಡೆಯಿಂದ ಬಂದ ಬಂಡಿಯು ಸಿಕಂದರಾಬಾದಿಗೆ ಹೋಗುವುದೋ ರಾಯಚೂರಿಗೆ ಹೋಗುವುದೋ ಎಂಬುದು ಬಂಡಿಯು ಬರುವುದಕ್ಕೆ ಮೊದಲೇ ಹಳಿಗಳನ್ನು ಕೂಡಿಸಿದ ಬಗೆಯಿಂದ ನಿಶ್ಚಯವಾಗಿರುತ್ತದೆ; ಬಂಡಿಯು ಕವಲಿನ ಮೇಲೆ ಬಂದಾಗ ಕೂಗಿಕೊಂಡರೆ ಫಲವಿಲ್ಲ. ಸಿಟ್ಟು ನೆತ್ತಿಗೇರಿದಾಗ ತಾಳ್ಮೆಯನ್ನು ಹುಡುಕುವವನು ಹೀಗೆ ಕೂಗಿಕೊಳ್ಳುವವನು. ತಾಳ್ಮೆಯನ್ನು ಸಿಟ್ಟಿಲ್ಲದ ಹೊತ್ತಿನಲ್ಲಿ, ಸಣ್ಣ ಸಣ್ಣ ಸಂಗತಿಗಳಲ್ಲಿ, ಯಾರೂ ನೋಡದಿರುವಾಗ ಕೂಡಿಸಿಡಬೇಕು.

ಆದುದರಿಂದ ಬಲ್ಲ ಶಿಕ್ಷಕನು ಮೊದಲು ಚೆಂಡನ್ನೇ ತೆಗೆದಿಡುತ್ತಾನೆ. ಚೆಂಡಿದ್ದರೆ ಆಶೆಯಿರುತ್ತದೆ, ಆಶೆಯಿದ್ದರೆ ಹಳೆಯ ಮೈ ಎದ್ದು ಬರುತ್ತದೆ. ಅರ್ಧ ಬೀಸನ್ನು ನಿಧಾನವಾಗಿ ಬೀಸಿಸುತ್ತಾನೆ. ಪಕ್ಕಕ್ಕೆ ಜಾರುವವನ ಬಲಪಾದದ ಹೊರಮಗ್ಗುಲ ಕೆಳಗೆ ಒಂದು ಸಣ್ಣ ಆಪನ್ನು ಇಡುತ್ತಾನೆ. ಹಿಂಜರಿಯುವವನಿಗೆ ಕಾಲುಗಳನ್ನು ಜೋಡಿಸಿ ನಿಂತು ಎಡಗಾಲಿನ ಹೆಜ್ಜೆಯನ್ನು ಮುಂದಿಡುತ್ತ ಹೊಡೆಯೆಂದು ಹೇಳುತ್ತಾನೆ. ಬೀಸು ಮುಗಿದ ಮೇಲೆ ಎಡಗಾಲಿನ ಮೇಲೆ ಮೂರೆಣಿಸುವ ತನಕ ಅಲುಗದೆ ನಿಲ್ಲೆನ್ನುತ್ತಾನೆ. ಹೊಸ ದಾರಿಯು ಮೊದಮೊದಲು ಅತಿಯೆಂದು ತೋರುವುದು ಸಹಜ. ಗ್ರೀಸಿನ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ, ಮನುಷ್ಯನು ತಾನು ಯಾವ ಕಡೆಗೆ ವಾಲುವನೆಂಬುದನ್ನು ತಿಳಿದು, ಡೊಂಕಾದ ಮರವನ್ನು ನೇರಮಾಡುವವರಂತೆ ತನ್ನನ್ನು ಎದುರುದಿಕ್ಕಿಗೆ ಎಳೆದುಕೊಳ್ಳಬೇಕೆಂದು ಹೇಳುತ್ತಾನೆ. ಚಿಂಚೋಳಿಯ ಕಾಡಂಚಿನಲ್ಲಿ ಬಿದಿರನ್ನು ಬಿಸಿಮಾಡಿ ಬಾಗಿದುದರ ವಿರುದ್ಧಕ್ಕೆ ಬಾಗಿಸಿ ಹಿಡಿಯುವವನು ಅರಿಸ್ಟಾಟಲನನ್ನು ಓದಿದವನಲ್ಲ. ಆದರೆ ಬಿಸಿಯಿಲ್ಲದೆ ಬಾಗಿಸಿದರೆ ಬಿದಿರು ಸೀಳುವುದೆಂಬ ಒಂದು ಮಾತನ್ನು ಅವನು ಹೆಚ್ಚಾಗಿ ಬಲ್ಲನು. ತಿದ್ದುವವರಲ್ಲಿ ಬೆಚ್ಚಗಿನ ವಿಶ್ವಾಸವಿಲ್ಲದಿದ್ದರೆ ತಿದ್ದಿಸಿಕೊಳ್ಳುವವನು ಒಡೆಯುತ್ತಾನೆ.

ಪತಂಜಲಿಯು ಚಿತ್ತವೃತ್ತಿಗಳ ನಿರೋಧಕ್ಕೆ ಅಭ್ಯಾಸ, ವೈರಾಗ್ಯ ಎಂಬ ಎರಡು ಸಾಧನಗಳನ್ನು ಹೇಳಿದನು. ಮೇಲಿನ ವಿಚಾರವೆಲ್ಲವೂ ಈ ಎರಡರಲ್ಲಿ ಅಡಗುತ್ತದೆ: ಮುಂಗಾಲಿಗೆ ಬರುವುದು ಅಭ್ಯಾಸ, ಹಿಂಗಾಲನ್ನು ಬಿಡುವುದು ವೈರಾಗ್ಯ. ಒಂದನ್ನು ಮಾಡಿ ಇನ್ನೊಂದನ್ನು ಉಳಿಸಿಕೊಂಡವನ ಸಾಧನೆಯು ಅರ್ಧದಲ್ಲಿ ನಿಲ್ಲುತ್ತದೆ. ಎರಡನ್ನೂ ಮಾಡಿದವನಿಗೂ ತಿದ್ದುಪಡಿಯು ಒಂದು ದಿನದಲ್ಲಿ ಮುಗಿಯುವುದಿಲ್ಲ. ಬಳಲಿದ ದಿನ ಹಳೆಯ ರೂಢಿಯು ಮತ್ತೆ ಬಾಗಿಲನ್ನು ತಟ್ಟುತ್ತದೆ. ನುರಿತ ಆಟಗಾರರೂ ಕಾಲಕಾಲಕ್ಕೆ ಶಿಕ್ಷಕನ ಬಳಿಗೆ ಹೋಗಿ ತಮ್ಮ ಪಾದಗಳನ್ನು ತೋರಿಸಿಕೊಳ್ಳುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. ನಡತೆಯ ವಿಷಯದಲ್ಲಿಯೂ ಊರಿನ ಹಿರಿಯರು, ಗೃಹಸ್ಥರು, ಅಧಿಕಾರಿಗಳು ಇದೇ ರೂಢಿಯನ್ನು ಇಟ್ಟುಕೊಂಡರೆ, ಕಿರಿಯರಿಗೆ ತಪ್ಪನ್ನು ಮುಚ್ಚಿಡುವ ಕಾರಣವು ಬಹುಮಟ್ಟಿಗೆ ತಪ್ಪಿಹೋಗುವುದು.